ಮಂಡ್ಯದಲ್ಲಿ ಸೀತಾಳೆ ದಂಡೆ ಬದುಕತ್ತಾ? ಬದುಕತ್ತೆ, ಮೊದಲು ಕುಂಡದಿಂದ ತೆಗೀರಿ

ಪ್ರಶ್ನೆ: ನಮ್ಮದು ಮಂಡ್ಯ. ಸೋಮವಾರಪೇಟೆ ಹತ್ರ ನಮ್ಮ ಸಂಬಂಧಿಕರ ಕಾಫಿ ತೋಟದಲ್ಲಿ ಮರಗಸಿ, ಅಂದ್ರೆ ನೆರಳಿನ ಮರಗಳ ಕೊಂಬೆ ಸವರೋ ಕೆಲಸ, ಮಾಡುವಾಗ ಕೆಳಗೆ ಬಿದ್ದ ಕೊಂಬೇಲಿ ಒಂದು ಸೀತಾಳೆ ದಂಡೆ ಅನ್ನೋ ಆರ್ಕಿಡ್ ಗಿಡ ಇತ್ತು. ಬಿಸಾಕಿಬಿಡ್ತಾರಲ್ಲ ಅಂತ ತಗೊಂಡು ಬಂದು ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ಹಾಕಿ ಕುಂಡದಲ್ಲಿ ನೆಟ್ಟೆ. ದಿನಾ ಬೋರ್‌ವೆಲ್ ನೀರು ಹಾಕ್ತೀನಿ. ಆದ್ರೂ ಎಲೆ ಸುಕ್ಕಾಗ್ತಿದೆ, ಕೆಳಗಿನ ಎರಡು ಎಲೆ ಹಳದಿಯಾಗಿ ಉದುರಿಹೋದ್ವು. ಜೊತೆಗೆ ಬೇರು ಕುಂಡದಿಂದ ಹೊರಗೆ ಬರ್ತಿದೆ, ಮಣ್ಣು ಮುಚ್ಚಬೇಕಾ? ಹಿತ್ತಲಲ್ಲಿರೋ ಮಾವಿನ ಮರಕ್ಕೆ ಕಟ್ಟೋಣ ಅಂದ್ರೆ ನಮ್ಮ ಅತ್ತೆ ಬೇಡ್ವೇ ಬೇಡ ಅಂತಾರೆ, ಬದನಿಕೆ ತರ ಮರದ ರಸ ಹೀರಿಬಿಡತ್ತಂತೆ. ನಮ್ಮೂರ ಬಿಸಿಲಲ್ಲಿ ಇದು ಹೂ ಬಿಡತ್ತಾ?

ಉತ್ತರ: ಮೇಡಂ, ಇದನ್ನ ಓದಿ ಮುಗಿಸಿದ ತಕ್ಷಣ ಮೊದಲು ಮಾಡ್ಬೇಕಾದ ಕೆಲಸ ಗಿಡನ ಆ ಮಣ್ಣಿಂದ ಹೊರಗೆ ತೆಗೆಯೋದು. ನಾಳೆ ನಾಡಿದ್ದು ಅನ್ನೋದು ಬೇಡ. ಹೊರಗೆ ಬರ್ತಿರೋ ಬೇರಿಗೆ ದಯವಿಟ್ಟು ಮಣ್ಣು ಮುಚ್ಚಬೇಡಿ, ಆ ಗಿಡದಲ್ಲಿ ಈಗ ಉಸಿರಾಡ್ತಿರೋ ಬೇರು ಅಂದ್ರೆ ಬಹುಶಃ ಅವು ಮಾತ್ರ. ದಿನಾ ನೀರು ಹಾಕಿದ್ರೂ ಎಲೆ ಸುಕ್ಕಾಗ್ತಿದೆ ಅಂದ್ರೆ ನೀರು ಕಮ್ಮಿ ಆಗಿದೆ ಅಂತಲ್ಲ, ಮಣ್ಣೊಳಗಿನ ಬೇರು ಕೊಳೆತು ನೀರು ಮೇಲಕ್ಕೆ ಏರ್ತಿಲ್ಲ ಅಂತ. ಎಲೆ ಸುಕ್ಕಾಯ್ತು ಅಂತ ಇನ್ನೊಂದು ಚೊಂಬು ನೀರು ಜಾಸ್ತಿ ಹಾಕ್ತಾರೆ, ಅದರಿಂದ ಉಳಿದ ಬೇರೂ ಕೊಳೆಯತ್ತೆ, ಎಲೆ ಇನ್ನೂ ಸುಕ್ಕಾಗತ್ತೆ. ಮೈಸೂರು ಮಂಡ್ಯ ಕಡೆ ಮನೆಗಳಲ್ಲಿ ಸಾಯೋ ಆರ್ಕಿಡ್‌ಗಳಲ್ಲಿ ಬಹಳಷ್ಟು ಹೀಗೇ ಸಾಯೋದು, ಬಿಸಿಲಿಂದ ಅಲ್ಲ.

ಇದು ಮಣ್ಣಿನ ಗಿಡವೇ ಅಲ್ಲ. ಸೈಂಟಿಫಿಕ್ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ, ನರ್ಸರಿಯವರು ಫಾಕ್ಸ್‌ಟೇಲ್ ಆರ್ಕಿಡ್ ಅಂತಾರೆ. ಮರದ ಕೊಂಬೆ, ಕಾಂಡದ ಮೇಲೆ ಬೇರನ್ನ ಹಾಸಿಕೊಂಡು ಗಾಳಿಗೆ ಬಿಟ್ಟುಕೊಂಡು ಬದುಕೋ ಜಾತಿ. ಆ ಬೇರನ್ನ ಒಂದ್ಸಲ ಹತ್ರದಿಂದ ನೋಡಿ. ಪೆನ್ಸಿಲ್ ದಪ್ಪದ ಹತ್ತತ್ರ ಇರತ್ತೆ, ಒಣಗಿದಾಗ ಬೂದಿ ಬಿಳಿ ಬಣ್ಣ. ಅದರ ಮೇಲೆ ನೀರು ಚಿಮುಕಿಸಿ, ಸ್ವಲ್ಪ ಹೊತ್ತಲ್ಲೇ ಕಣ್ಮುಂದೇನೇ ಬಿಳಿ ಹೋಗಿ ಹಸಿರು ಬರತ್ತೆ. ಹೊರಗಡೆ ಇರೋ ಆ ಬಿಳಿ ಪದರಕ್ಕೆ ವೆಲಾಮೆನ್ ಅಂತಾರೆ, ಸತ್ತ ಕೋಶಗಳ ಪದರ ಅದು, ಒಳಗೆಲ್ಲ ಖಾಲಿ, ಸ್ಪಂಜ್ ತರ ಮಳೆ ನೀರನ್ನ ಹಿಡಿದಿಟ್ಟು ಒಳಗಿನ ಬೇರಿಗೆ ಕೊಡತ್ತೆ. ನೀರು ತುಂಬಿದಾಗ ಪದರ ಪಾರದರ್ಶಕ ಆಗಿ ಒಳಗಿನ ಹಸಿರು ಕಾಣತ್ತೆ, ಹೌದು, ಈ ಬೇರಿನಲ್ಲೇ ಪತ್ರಹರಿತ್ತು ಇದೆ, ಬೆಳಕಿದ್ರೆ ಬೇರೂ ಸ್ವಲ್ಪ ಆಹಾರ ತಯಾರಿಸತ್ತೆ. ಆಮೇಲೆ ಗಾಳಿಗೆ ಆರಿ ಮತ್ತೆ ಬಿಳಿಯಾಗ್ಬೇಕು. ನೆನೀಬೇಕು, ಆರಬೇಕು, ನೆನೀಬೇಕು, ಆರಬೇಕು, ಇದು ಅದರ ದಿನಚರಿ. ಕೆಮ್ಮಣ್ಣಲ್ಲಿ ನೆನೆಯೋದು ಆಗತ್ತೆ, ಆರೋದು ಆಗಲ್ಲ, ಗಾಳಿಯಂತೂ ಹೋಗೋದೇ ಇಲ್ಲ, ಅದರ ಜೊತೆ ಕೊಟ್ಟಿಗೆ ಗೊಬ್ಬರ ಬೇರೆ ಸೇರಿದ್ರೆ ಕೊಳೆಸೋ ಶಿಲೀಂಧ್ರಕ್ಕೆ ಬ್ಯಾಕ್ಟೀರಿಯಾಕ್ಕೆ ಹಬ್ಬ.

ತೆಗೆಯೋವಾಗ ಎಳೀಬೇಡಿ. ಕುಂಡ ಸಮೇತ ಬಕೆಟ್ ನೀರಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟು ಮಣ್ಣು ಸಡಿಲ ಆದ್ಮೇಲೆ ನಿಧಾನಕ್ಕೆ ಬಿಡಿಸಿ, ಪೈಪಲ್ಲಿ ಮೆಲ್ಲಗೆ ನೀರು ಬಿಟ್ಟು ಬೇರು ತೊಳೀರಿ. ಒಂದೊಂದೇ ಬೇರನ್ನ ಎರಡು ಬೆರಳಲ್ಲಿ ಹಿಡಿದು ಒತ್ತಿ ನೋಡಿ. ಗಟ್ಟಿಯಾಗಿದ್ರೆ ಬದುಕಿದೆ, ಬಣ್ಣ ಸ್ವಲ್ಪ ಕಂದು ಇದ್ರೂ ಪರವಾಗಿಲ್ಲ, ಬಿಡಿ. ಮೆತ್ತಗೆ ಲೊಳಲೊಳ ಅಂತ ಇದ್ದು ಎಳೆದ್ರೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗೆ ದಾರದಂಥ ನಾರು ಮಾತ್ರ ಉಳಿದ್ರೆ ಅದು ಸತ್ತಿದೆ, ಕತ್ತರಿಸಿಬಿಡಿ. ಹೊಸ ಬ್ಲೇಡ್ ಬಳಸಿ, ಇಲ್ಲಾ ಕತ್ತರೀನ ಗ್ಯಾಸ್ ಒಲೆ ಉರಿಗೆ ಹಿಡಿದು ಆರಿಸಿ ಬಳಸಿ, ಯಾಕಂದ್ರೆ ಆರ್ಕಿಡ್‌ಗೆ ಬರೋ ವೈರಸ್‌ಗಳು ಕತ್ತರಿ ಮೂಲಕವೇ ಒಂದು ಗಿಡದಿಂದ ಇನ್ನೊಂದಕ್ಕೆ ಹರಡೋದು. ಗೊಬ್ಬರದಂಗಡೀಲಿ ಸಾಫ್ ಅಂತ ಶಿಲೀಂಧ್ರನಾಶಕ ಸಿಗತ್ತೆ, ಕಾರ್ಬೆಂಡಜಿಮ್ ಮ್ಯಾಂಕೋಜೆಬ್ ಎರಡೂ ಇರೋ ಪುಡಿ, ಲೀಟರ್ ನೀರಿಗೆ 2 ಗ್ರಾಂ ಕಲಸಿ ಕೈಗೆ ಗ್ಲೌಸ್ ಹಾಕ್ಕೊಂಡು ಬೇರಿಗೂ ಬುಡಕ್ಕೂ ಸ್ಪ್ರೇ ಮಾಡಿ. ಆಮೇಲೆ ನೆರಳಲ್ಲಿ ಗಾಳಿ ಆಡೋ ಕಡೆ ಒಂದೆರಡು ದಿನ ಹಾಗೇ ತೂಗುಹಾಕಿ, ಕತ್ತರಿಸಿದ ಗಾಯ ಒಣಗಲಿ. ಬೇರು ಬರೀ ಗಾಳೀಲಿ ನೇತಾಡ್ತಿದೆಯಲ್ಲ ಪಾಪ ಅಂತ ಅನ್ನಿಸಬಹುದು, ಈ ಗಿಡಕ್ಕೆ ಅದೇ ಆರಾಮು.

ಈಗ ನಿಮ್ಮ ಅತ್ತೆಯವರ ವಿಷಯ. ಅವರ ಭಯಕ್ಕೆ ಅರ್ಥ ಇದೆ, ಬದನಿಕೆ ಹತ್ತಿ ಹಾಳಾದ ಮಾವಿನ ಮರಗಳನ್ನ ಅವರು ನೋಡಿರ್ತಾರೆ, ನಮ್ಮ ಕಡೆ ಹಳೇ ಮಾವಿನ ತೋಪುಗಳಲ್ಲಿ ಅದು ದೊಡ್ಡ ಕಾಟ. ಬದನಿಕೆ ಕೊಂಬೆಯೊಳಗೇ ಬೇರು ಚುಚ್ಚಿ ಮರದ ನೀರು, ಲವಣ ಎಳ್ಕೊಳತ್ತೆ, ಅದು ಸೇರ್ಕೊಂಡ ಜಾಗದಲ್ಲಿ ಕೊಂಬೆ ಗಂಟು ಕಟ್ಟಿ ಊದಿರತ್ತೆ, ಅದರಿಂದಾಚೆ ತುದಿ ಒಣಗತ್ತೆ. ಸೀತಾಳೆ ದಂಡೆ ಬೇರು ತೊಗಟೆ ಮೇಲೆ ಅಂಟಿಕೊಳ್ಳತ್ತೆ ಅಷ್ಟೇ, ಒಳಗೆ ಹೋಗಲ್ಲ. ತೋಟದಿಂದ ತಂದ ಆ ಕೊಂಬೆ ಚೂರು ಇನ್ನೂ ಇದ್ರೆ ಅತ್ತೆಯವರಿಗೇ ತೋರಿಸಿ, ಬೇರು ಕಿತ್ತ ಜಾಗದಲ್ಲಿ ತೊಗಟೆ ಮೇಲೆ ಒಂದು ಗುರುತು ಇರತ್ತೆ, ತೂತು ಇರಲ್ಲ. ಮಳೆ ನೀರಲ್ಲಿ ಕರಗಿ ಬರೋದು, ತೊಗಟೆ ಸಂದೀಲಿ ಸೇರೋ ಧೂಳು, ಕೊಳೆತ ಎಲೆ ಚೂರು, ಇಷ್ಟರಲ್ಲೇ ಅದರ ಊಟ ಮುಗಿಯತ್ತೆ. ಮಾವಿನ ಮರಕ್ಕೆ ಒಂದು ಕಾಯಿನೂ ಕಮ್ಮಿ ಆಗಲ್ಲ ಅಂತ ಧೈರ್ಯವಾಗಿ ಹೇಳಿ.

ನಿಜ ಹೇಳ್ಬೇಕು ಅಂದ್ರೆ ಹಿತ್ತಲಲ್ಲಿ ಮಾವಿನ ಮರ ಇರೋದು ನಿಮ್ಮ ಅದೃಷ್ಟ. ತೊಗಟೆ ಒರಟು, ಉದುರಲ್ಲ, ವರ್ಷ ಪೂರ್ತಿ ಎಲೆ ಇರತ್ತೆ, ನೆರಳು ತೀರಾ ಗಾಢ ಆದ್ರೆ ಕೊಂಬೆ ಸ್ವಲ್ಪ ಸವರಬಹುದು. ಹಲಸು, ಸಪೋಟ ಕೂಡ ಆಗತ್ತೆ. ಸೀಬೆ ಬೇಡ, ನೀಲಗಿರಿ ಬೇಡ, ಎರಡೂ ಸಿಪ್ಪೆ ಕಳಚ್ಕೊಳ್ಳೋ ಮರಗಳು, ಬೇರು ಹಿಡಿದ ತೊಗಟೆನೇ ಉದುರಿಹೋಗತ್ತೆ. ನುಗ್ಗೆ ಮರ ಮೆದು, ಗಾಳಿಗೆ ಮುರಿಯತ್ತೆ. ಎಲೆ ಉದುರೋ ಮರಗಳಲ್ಲಿ ತೊಂದರೆ ಏನಂದ್ರೆ ಸರಿಯಾಗಿ ಫೆಬ್ರವರಿ ಮಾರ್ಚಲ್ಲಿ, ನೆರಳು ಬೇಕೇಬೇಕು ಅನ್ನೋ ಹೊತ್ತಲ್ಲೇ ಬೋಳಾಗಿ ನಿಂತಿರ್ತವೆ.

ಕಟ್ಟೋದಕ್ಕೆ ಇದೇ ಒಳ್ಳೆ ಕಾಲ, ಜೂನ್. ಮುಂಗಾರು ಶುರುವಾದ್ಮೇಲೆ ಈ ಗಿಡಕ್ಕೆ ಹೊಸ ಬೇರು ಹೊರಡೋ ಹುರುಪು, ಬೇರಿನ ತುದೀಲಿ ಒಂದು ಬೆರಳುಗುರಿನಷ್ಟು ಹೊಳೆಯೋ ಹಸಿರು ಕಾಣಿಸತ್ತೆ, ಹಾಗೆ ಕಂಡ್ರೆ ಬೇರು ಬೆಳೀತಿದೆ ಅಂತ. ಆ ತುದಿ ಮುಟ್ಟಿದ್ರೆ ಮುರಿಯತ್ತೆ, ಜೋಪಾನ. ಮರದ ಕಾಂಡದಲ್ಲಿ ಪೂರ್ವ ಇಲ್ಲಾ ಉತ್ತರ ದಿಕ್ಕಿಗೆ, ನಿಮ್ಮ ಕಣ್ಣಿನ ಎತ್ತರಕ್ಕೆ ಅಥವಾ ಸ್ವಲ್ಪ ಮೇಲೆ, ಬೆಳಗಿನ ಬಿಸಿಲು ಬಿದ್ದು ಹತ್ತು ಗಂಟೆ ಮೇಲೆ ನೆರಳಾಗೋ ಜಾಗ ಹುಡುಕಿ. ಪಶ್ಚಿಮದ ಕಡೆ ಕಟ್ಟಿದ್ರೆ ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಎಲೆ ಬೇಯತ್ತೆ. ಗಿಡನ ನೆಟ್ಟಗೆ ನಿಲ್ಲಿಸಬೇಡಿ, ಸುಳಿ ಸ್ವಲ್ಪ ಹೊರಕ್ಕೆ ಪಕ್ಕಕ್ಕೆ ವಾಲಿರೋ ಹಾಗೆ ಕಟ್ಟಿ, ಮಳೆ ನೀರು ಸುಳೀಲಿ ನಿಲ್ಲದೆ ಜಾರಿಹೋಗ್ಲಿ. ಈ ಗಿಡಕ್ಕಿರೋದು ಒಂದೇ ಸುಳಿ, ಬೆಳವಣಿಗೆ ಎಲ್ಲ ಅಲ್ಲಿಂದಲೇ. ಅದು ಕೊಳೆತ್ರೆ ಬುಡದಿಂದ ಮರಿ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ.

ಕಟ್ಟೋಕೆ ಸೆಣಬಿನ ಹುರಿ ಇಲ್ಲಾ ಹಳೇ ಕಾಟನ್ ಬಟ್ಟೆ ಪಟ್ಟಿ ಸಾಕು, ಕೆಲವು ತಿಂಗಳಲ್ಲಿ ತಾನೇ ಕೊಳೆತು ಬೀಳತ್ತೆ, ಅಷ್ಟೊತ್ತಿಗೆ ಬೇರು ಮರ ಹಿಡಿದಿರತ್ತೆ. ಬಾಳೆನಾರು ಬಲುಬೇಗ ಪಿಸಿಯತ್ತೆ. ತಾಮ್ರದ ತಂತಿ ಖಂಡಿತ ಬೇಡ, ಅದರಿಂದ ಬಿಡೋ ತಾಮ್ರ ಬೇರಿಗೆ ವಿಷ. ಗಿಡ ಅಲ್ಲಾಡದ ಹಾಗೆ ಬಿಗಿಯಾಗಿ ಕಟ್ಟಿ, ಗಾಳಿಗೆ ಅಲ್ಲಾಡಿದ್ರೆ ಹೊಸ ಬೇರಿನ ತುದಿ ತೊಗಟೆಗೆ ಉಜ್ಜಿ ಉಜ್ಜಿ ಸಾಯತ್ತೆ, ಎಷ್ಟು ತಿಂಗಳಾದ್ರೂ ಹಿಡ್ಕೊಳಲ್ಲ. ನಿಮ್ಮ ಗಿಡಕ್ಕೆ ಬೇರು ಕಮ್ಮಿ ಉಳಿದಿರತ್ತಲ್ಲ, ಅದಕ್ಕೆ ಬುಡದ ಹಿಂದೆ ತೆಂಗಿನಕಾಯಿ ಸಿಪ್ಪೇದು ಒಂದು ತೆಳು ತುಂಡು ಇಡಿ, ಸ್ವಲ್ಪ ತೇವ ಹಿಡಿದಿರಲಿ. ಆದ್ರೆ ಸಿಪ್ಪೆನ ಒಂದು ವಾರ ನೀರಲ್ಲಿ ನೆನೆಸಿ ದಿನಾ ನೀರು ಬದಲಾಯಿಸಿ, ಕೆಂಪು ಕಷಾಯದಂಥ ನೀರು ಬರೋದು ನಿಲ್ಲೋವರೆಗೂ. ಅದರಲ್ಲಿ ಉಪ್ಪು, ಟ್ಯಾನಿನ್ ಎರಡೂ ಇರತ್ತೆ. ಬೇರನ್ನ ಪೂರ್ತಿ ಸುತ್ತಿ ಮುಚ್ಚಬೇಡಿ, ಒಂದು ಪಕ್ಕ ಗಾಳಿಗೆ ಬಿಟ್ಟಿರ್ಬೇಕು.

ಮರ ಇಲ್ಲದವರೂ ಇದನ್ನ ಓದ್ತಿರ್ತಾರೆ, ಮೈಸೂರಲ್ಲಿ ಅಪಾರ್ಟ್‌ಮೆಂಟ್ ಬಾಲ್ಕನೀಲಿ ಇರೋರು. ಅವರು ಮರದ ಪಟ್ಟಿ ಬುಟ್ಟೀಲಿ, ಅಂದ್ರೆ ಸಂದು ಸಂದಾಗಿರೋ ಬುಟ್ಟೀಲಿ, ಒಡೆದ ಹೆಂಚಿನ ಚೂರು, ದಪ್ಪ ಇದ್ದಿಲು ನಾಲ್ಕೈದು ತುಂಡು ಹಾಕಿ ಗಿಡ ಕೂರಿಸಿ ತೂಗುಹಾಕಿದ್ರೆ ಸಾಕು. ಬುಟ್ಟಿ ಬರೀ ಹಿಡಿದು ನಿಲ್ಲಿಸೋಕೆ, ತುಂಬೋಕಲ್ಲ. ಬೇರು ಬುಟ್ಟಿಯಾಚೆ ಒಂದೂವರೆ ಅಡಿ ಇಳಿಬಿದ್ರೂ ಬೀಳ್ಲಿ, ಚೆನ್ನಾಗಿದೆ ಅಂತಾನೇ ಅರ್ಥ.

ಇನ್ನು ನಮ್ಮೂರ ಹವೆ. ಶ್ರೀಲಂಕಾದಿಂದ ಹಿಡಿದು ಪಶ್ಚಿಮ ಘಟ್ಟ, ಹಿಮಾಲಯದ ತಪ್ಪಲು, ಥಾಯ್ಲೆಂಡ್, ಇಂಡೋನೇಷ್ಯಾ, ಫಿಲಿಪೈನ್ಸ್ ತನಕ ಹರಡಿರೋ ಗಿಡ ಇದು, ತಣ್ಣಗಿರೋ ಜಾಗಾನೇ ಬೇಕು ಅನ್ನೋ ಜಾತಿ ಅಲ್ಲ. ಅಸ್ಸಾಂ, ಅರುಣಾಚಲ ಎರಡೂ ರಾಜ್ಯಕ್ಕೆ ಇದೇ ರಾಜ್ಯದ ಹೂವು, ಅಸ್ಸಾಂನಲ್ಲಿ ಏಪ್ರಿಲ್‌ನ ಬಿಹು ಹಬ್ಬಕ್ಕೆ ಹೆಣ್ಮಕ್ಕಳು ಇದನ್ನೇ ತುರುಬಿಗೆ ಮುಡಿಯೋದು, ಕೊಪೌ ಫೂಲ್ ಅಂತಾರೆ. ನಮ್ಮ ಮಲೆನಾಡಿನ ಕಡೆ ಸೀತೆ ಮುಡಿದಿದ್ದು ಅಂತಾರೆ. ಅಂತೂ ಎಲ್ಲ ಕಡೆ ಮುಡಿಗೇ ಸೇರಿದ ಹೂವು. ಮಂಡ್ಯ ಮೈಸೂರು ಎರಡೂ ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಆಚೀಚೆ, ಕಾಡಲ್ಲಿ ಇದು ಆ ಎತ್ತರದಲ್ಲೂ ಸಿಗತ್ತೆ, ಹಾಗಾಗಿ ಉಷ್ಣತೆ ಒಂದು ತೊಂದರೆನೇ ಅಲ್ಲ. ತೊಂದರೆ ಇರೋದು ಒಣ ಗಾಳೀದು. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರ್ ದಾಟೋ ಮಳೆ, ಮಂಡ್ಯದಲ್ಲಿ 700ರ ಆಸುಪಾಸು. ಫೆಬ್ರವರಿಯಿಂದ ಏಪ್ರಿಲ್ ಮೊದಲ ಮಳೆ ತನಕ ನಮ್ಮ ಗಾಳೀಲಿ ಪಸೆನೇ ಇರಲ್ಲ, ಆ ಎರಡು ಮೂರು ತಿಂಗಳು ಗಿಡನ ದಾಟಿಸಿಬಿಟ್ರೆ ಮಿಕ್ಕ ವರ್ಷ ಅದರ ಪಾಡಿಗೆ ಅದಿರತ್ತೆ. ವಿಸಿ (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲಿ, ಗದ್ದೆ ಪಕ್ಕ ಮನೆ ಇರೋರಿಗೆ ಈ ಕಷ್ಟ ಕಮ್ಮಿ, ರಾತ್ರಿ ತಂಪು ಇರತ್ತೆ.

ಆ ಬೇಸಿಗೆ ತಿಂಗಳಲ್ಲಿ ಬೆಳಿಗ್ಗೆ ಬಿಸಿಲೇರೋಕೆ ಮುಂಚೆ ದಿನಾ ನೀರು, ಬೇರು ಪೂರ್ತಿ ಹಸಿರಾಗೋವರೆಗೂ. ಒಂದ್ಸಲ ಚಿಮುಕಿಸಿ ಹೋದ್ರೆ ಮೇಲಿಂದ ಜಾರಿಹೋಗತ್ತೆ, ಅದಕ್ಕೆ ಒಂದ್ಸಲ ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದ್ಸಲ ಹಾಕಿ. ಸಂಜೆ ಗಿಡಕ್ಕೆ ನೀರು ಹಾಕೋ ಬದಲು ಮರದ ಬುಡ, ಸುತ್ತಲಿನ ನೆಲ ನೆನೆಸಿ. ಇದಕ್ಕೊಂದು ಕಾರಣ ಇದೆ. ಒಣಹವೆಗೆ ಒಗ್ಗಿದ ಇಂಥ ದಪ್ಪ ಎಲೆಯ ಮರದ ಆರ್ಕಿಡ್‌ಗಳಲ್ಲಿ ಬಹುಪಾಲು ಹಗಲಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆಗೀತವೆ, ನೀರು ಆವಿಯಾಗಿ ಹೋಗೋದು ತಪ್ಪಲಿ ಅಂತ. ರಾತ್ರಿ ಸುತ್ತಮುತ್ತ ಗಾಳಿ ತೇವ ಇದ್ರೆ ಗಿಡಕ್ಕೆ ದೊಡ್ಡ ಉಪಕಾರ, ಆದ್ರೆ ಸುಳೀಲಿ ನೀರು ನಿಂತು ರಾತ್ರಿ ಕಳೆಯೋದು ಅಪಾಯ. ಮಳೆಗಾಲದಲ್ಲಿ ಮಳೆ ಬಂದ ದಿನ ಬೇಡ, ಮೂರು ದಿನ ಮೋಡ ಮುಸುಕಿ ಹನಿ ಬೀಳದೇ ಇದ್ರೆ ಒಂದ್ಸಲ ಹಾಕಿ. ನವೆಂಬರ್‌ನಿಂದ ಜನವರಿ ತನಕ ಎರಡು ಮೂರು ದಿನಕ್ಕೊಮ್ಮೆ ಸಾಕು. ಚಳಿಗಾಲದ ಈ ಸ್ವಲ್ಪ ಒಣ, ಸ್ವಲ್ಪ ತಂಪು ವಿಶ್ರಾಂತಿ ಕಾಡಲ್ಲೂ ಇದ್ದದ್ದೇ, ಹೂ ಬಿಡೋಕೆ ಸಹಾಯ ಆಗತ್ತೆ.

ನಿಮ್ಮ ಬೋರ್‌ವೆಲ್ ನೀರಿನ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಪಾತ್ರೆ ತಳದಲ್ಲಿ, ಗೀಸರ್‌ನಲ್ಲಿ ಬಿಳಿ ಪೊರೆ ಕಟ್ಟೋ ನೀರಾದ್ರೆ ಅದೇ ಪೊರೆ ಬೇರಿನ ಮೇಲೂ ಕಟ್ಟತ್ತೆ, ಬೇರಿನ ತುದಿ ಕಪ್ಪಾಗಿ ಸುಟ್ಟ ಹಾಗೆ ನಿಂತುಹೋಗತ್ತೆ. ಮಣ್ಣಿನ ಗಿಡಕ್ಕೆ ಮಣ್ಣು ಆ ಉಪ್ಪನ್ನ ಸ್ವಲ್ಪ ತಡ್ಕೊಳ್ಳತ್ತೆ, ಇಲ್ಲಿ ಮಧ್ಯದಲ್ಲಿ ತಡೆಯೋಕೆ ಏನೂ ಇಲ್ಲ. ಕಾವೇರಿ ನಲ್ಲಿ ನೀರು ಬರೋ ದಿನ ಒಂದು ಡ್ರಮ್ ತುಂಬಿಟ್ಕೊಳ್ಳಿ, ಮಳೆಗಾಲದಲ್ಲಿ ತಾರಸಿ ನೀರು ಹಿಡಿದಿಡಿ, ಒಂದೆರಡು ಗಿಡಕ್ಕೆ ಬೇಕಾಗೋ ನೀರೆಷ್ಟು, ಒಂದು ಚೊಂಬು. ಡ್ರಮ್ಮಿಗೆ ಮುಚ್ಚಳ ಇರ್ಲಿ, ಸೊಳ್ಳೆ ಆಗತ್ತೆ. ಆರ್‌ಓ ಫಿಲ್ಟರ್‌ನಿಂದ ಹೊರಗೆ ಹೋಗೋ ವೇಸ್ಟ್ ನೀರು ತುಂಬಾ ಜನ ಗಿಡಕ್ಕೆ ಹಾಕ್ತಾರೆ, ಆರ್ಕಿಡ್‌ಗೆ ಅದು ಬೋರ್ ನೀರಿಗಿಂತಲೂ ಕೆಟ್ಟದ್ದು, ಉಪ್ಪೆಲ್ಲ ಅದರಲ್ಲೇ ಕೂಡಿಕೊಂಡಿರತ್ತೆ. ಬೇರೆ ದಾರೀನೇ ಇಲ್ಲದೆ ಬೋರ್ ನೀರೇ ಹಾಕ್ಬೇಕಾದ್ರೆ ವಾರಕ್ಕೊಮ್ಮೆಯಾದ್ರೂ ಒಳ್ಳೆ ನೀರಲ್ಲಿ ಬೇರು ಚೆನ್ನಾಗಿ ತೊಳೀರಿ.

ಬೆಳಕು ಸಾಕಾ ಅನ್ನೋದನ್ನ ಎಲೆ ಬಣ್ಣವೇ ಹೇಳತ್ತೆ. ಕಡುಹಸಿರು ಎಲೆ ನೋಡೋಕೆ ಚೆಂದ, ಆದ್ರೆ ಅದು ಬೆಳಕು ಕಮ್ಮಿ ಅನ್ನೋ ಗುರುತು, ಅಂಥ ಗಿಡ ವರ್ಷಗಟ್ಟಲೆ ಎಲೆ ಬಿಟ್ಕೊಂಡು ಇರತ್ತೆ, ಹೂ ಬಿಡಲ್ಲ. ತಿಳಿಹಸಿರು, ಸ್ವಲ್ಪ ಹಳದಿಯತ್ತ ವಾಲಿದ ಹಸಿರು ಇದ್ರೆ ಸರಿಯಾಗಿದೆ. ಎಲೆ ಮಧ್ಯ ಬೆಳ್ಳಗಾಗಿ ಆಮೇಲೆ ಕಪ್ಪಾಗಿ ಒಣಗಿದ ಮಚ್ಚೆ ಬಂದ್ರೆ ಬಿಸಿಲು ಹೊಡೆದಿದೆ. ಶೇಡ್ ನೆಟ್ ಹಾಕೋರು 50 ಪರ್ಸೆಂಟಿನದು ಹಾಕಿ, 75ರದು ಇದಕ್ಕೆ ಜಾಸ್ತಿ ಕತ್ತಲೆ. ಹೂ ಬರಲಿಲ್ಲ ಅಂತ ಬಂದು ಗೊಬ್ಬರ ಕೇಳೋ ಹತ್ತು ಜನರಲ್ಲಿ ಹೆಚ್ಚಿನವರ ಗಿಡಕ್ಕೆ ಬೇಕಿರೋದು ಬೆಳಕು.

ಗೊಬ್ಬರ ಅಂದ್ರೆ ಮಂಡ್ಯದ ಯಾವ ಗೊಬ್ಬರದಂಗಡೀಲಾದ್ರೂ ಸಿಗೋ ಹತ್ತೊಂಬತ್ತು ಆಲ್ ಸಾಕು, ಡ್ರಿಪ್‌ಗೆ ಹಾಕೋ 19-19-19. ಲೀಟರ್ ನೀರಿಗೆ 1 ಗ್ರಾಂ ಮೀರಬಾರ್ದು, ಹದಿನೈದು ದಿನಕ್ಕೊಮ್ಮೆ, ಮೊದಲು ಸಾದಾ ನೀರಲ್ಲಿ ಬೇರು ನೆನೆಸಿ ಆಮೇಲೆ ಸ್ಪ್ರೇ ಮಾಡಿ, ಅದೂ ಜೂನ್‌ನಿಂದ ಅಕ್ಟೋಬರ್ ತನಕ ಗಿಡ ಬೆಳೆಯೋ ಕಾಲದಲ್ಲಿ. ನಿಮ್ಮ ಗಿಡಕ್ಕೆ ಈಗಲೇ ಬೇಡ, ಹೊಸ ಬೇರು ಎರಡು ಮೂರು ಇಂಚು ಬೆಳೆದ್ಮೇಲೆ ಅರ್ಧ ಗ್ರಾಮಿಂದ ಶುರು ಮಾಡಿ. ಸಗಣಿ ನೀರು, ಗಂಜಳ, ಬೆಲ್ಲದ ನೀರು, ಹುಳಿ ಮಜ್ಜಿಗೆ ಇವೆಲ್ಲ ಬೇರೆ ಗಿಡಕ್ಕಿರ್ಲಿ.

ಹುಳದ ಕಾಟ ಮಳೆಗಾಲದಲ್ಲಿ ಬಸವನ ಹುಳದ್ದೇ ಜಾಸ್ತಿ, ಹಸಿರು ಬೇರಿನ ತುದಿ ಅಂದ್ರೆ ಅದಕ್ಕೆ ಪ್ರಾಣ, ರಾತ್ರಿ ಒಂದೇ ಹುಳ ಎಲ್ಲ ತುದಿ ತಿಂದು ಮುಗಿಸತ್ತೆ. ಟಾರ್ಚ್ ಹಿಡ್ಕೊಂಡು ಊಟ ಆದ್ಮೇಲೆ ಒಂದು ಸುತ್ತು ನೋಡಿ ಆರಿಸಿಬಿಡಿ. ಎಲೆ ಬುಡದಲ್ಲಿ ಬಿಳಿ ಹತ್ತಿ ತರ ಹಿಟ್ಟು ತಿಗಣೆ ಕಂಡ್ರೆ ಮೆತ್ತನೆ ಬ್ರಶ್‌ನಲ್ಲಿ ಸೋಪಿನ ನೀರು ಹಾಕಿ ಉಜ್ಜಿ ತೊಳೀರಿ. ಮಾವಿನ ಮರದಲ್ಲಿ ಇರುವೆ ಸಾಲು ಇದ್ರೆ ಕಣ್ಣಿಟ್ಟಿರಿ, ತಿಗಣೇನ ಸಾಕೋದು, ಸಾಗಿಸೋದು ಅವೇ.

ಹೂ ಬಿಡತ್ತಾ ಅಂತ ಕೇಳಿದ್ರಿ. ಬಿಡತ್ತೆ, ಈ ವರ್ಷ ಅಲ್ಲ. ಬೇರು ಕಳ್ಕೊಂಡ ಗಿಡ ಮೊದಲು ಬೇರು ಮಾಡ್ಕೋಬೇಕು, ಆಮೇಲೆ ಎಲೆ, ಹೂ ಆಮೇಲಿನ ಮಾತು. ಮುಂದಿನ ವರ್ಷ ಒಂದು ಸಣ್ಣ ದಂಡೆ ಬಂದ್ರೂ ಗಿಡ ಇನ್ನೂ ಬಡಕಲಾಗಿದ್ರೆ ಅದನ್ನ ಚಿವುಟಿಬಿಡಿ ಅಂತಾನೇ ನಾನು ಹೇಳೋದು, ಮನಸ್ಸು ಬರಲ್ಲ ಗೊತ್ತು, ಆದ್ರೆ ಸೊರಗಿದ ಗಿಡದ ಶಕ್ತಿನೆಲ್ಲ ಹೂವೇ ತಗೊಂಡುಬಿಡತ್ತೆ. ಚೆನ್ನಾಗಿ ಬೇರು ಬಿಟ್ಟ ಗಿಡದಲ್ಲಿ ನಮ್ಮ ಕಡೆ ಮೇ ಜೂನ್ ಹೊತ್ತಿಗೆ ಎಲೆ ಕಂಕುಳಿಂದ ಮೊಗ್ಗಿನ ಗೊನೆ ಹೊರಡತ್ತೆ, ಬರ್ತಾ ಬರ್ತಾ ಕೆಳಕ್ಕೆ ಬಾಗಿ ಒಂದಡಿ ಉದ್ದ ಇಳಿಯತ್ತೆ, ಒಂದೊಂದು ದಂಡೇಲಿ ನೂರು ದಾಟಿ ಹೂ, ಬಿಳಿ ಎಸಳ ಮೇಲೆ ನೇರಳೆ ಚುಕ್ಕಿ, ನಡುವಿನ ತುಟಿ ಪೂರ್ತಿ ನೇರಳೆ. ಎರಡು ಮೂರು ವಾರ ಹಾಗೇ ನಿಲ್ಲತ್ತೆ. ಹೂ ಬಿಟ್ಟಾಗ ದಂಡೆ ಮೇಲೆ ನೀರು ಬೀಳಿಸಬೇಡಿ, ಬೇರಿಗೆ ಮಾತ್ರ ಹಾಕಿ.

ಕೊನೇದಾಗಿ ಇನ್ನೊಂದು ವಿಷಯ, ಯಾಕಂದ್ರೆ ಒಂದು ಗಿಡ ಹೂ ಬಿಟ್ರೆ ಇನ್ನೊಂದು ಬೇಕು ಅನ್ಸತ್ತೆ. ಮರಗಸೀಲಿ ಕೆಳಗೆ ಬಿದ್ದ ಗಿಡ ತಂದ್ರಿ, ಅದು ಗಿಡ ಉಳಿಸಿದ ಹಾಗೆ. ಆದ್ರೆ ಕಾಡಿಗೆ ಹೋಗಿ ಮರದಿಂದ ಕಿತ್ತು ತರೋದು, ರಸ್ತೆ ಬದೀಲಿ ಗೋಣಿಚೀಲದಲ್ಲಿ ತಂದು ಮಾರೋರ ಹತ್ರ ಕೊಳ್ಳೋದು ಎರಡೂ ಬೇಡ. ಮೀಸಲು ಅರಣ್ಯದಿಂದ ಗಿಡ ಕೀಳೋದು ಅಪರಾಧ, ಆರ್ಕಿಡ್ ಜಾತಿಗಳೆಲ್ಲ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟೀಲಿವೆ. ಕಾನೂನು ಪಕ್ಕಕ್ಕಿಟ್ರೂ, ಕಾಡಲ್ಲಿ ಒಂದು ಗಿಡ ಆಗೋದು ಎಷ್ಟು ಕಷ್ಟ ನೋಡಿ. ಬೀಜ ಧೂಳಿನಷ್ಟು ಸಣ್ಣದು, ಒಂದು ಕಾಯೀಲಿ ಸಾವಿರಗಟ್ಟಲೆ, ಆದ್ರೆ ಬೀಜದೊಳಗೆ ಮೊಳಕೆಗೆ ಬೇಕಾದ ಆಹಾರ ಇರಲ್ಲ. ತೊಗಟೆ ಮೇಲೆ ಸರಿಯಾದ ಶಿಲೀಂಧ್ರ ಸಿಕ್ಕಿ ಅದು ಆಹಾರ ಕೊಟ್ರೆ ಮಾತ್ರ ಮೊಳಕೆ. ಹಾಗೆ ಮೊಳೆತದ್ದು ಹೂ ಬಿಡೋಕೆ ಇನ್ನೂ ಎಷ್ಟೋ ವರ್ಷ ಬೇಕು. 1922ರಲ್ಲಿ ಅಮೆರಿಕದ ನುಡ್ಸನ್ ಅನ್ನೋ ವಿಜ್ಞಾನಿ ಶಿಲೀಂಧ್ರ ಇಲ್ಲದೆ ಸಕ್ಕರೆ ಇರೋ ಅಗರ್ (ಲೋಳೆಯಂಥ ಗಟ್ಟಿ ಪದಾರ್ಥ) ಮೇಲೆ ಆರ್ಕಿಡ್ ಬೀಜ ಮೊಳೆಸಿ ತೋರಿಸಿದ್ರು, ಇವತ್ತು ಲ್ಯಾಬಲ್ಲಿ ಬಾಟಲಿಯೊಳಗೆ ಬೆಳೆಸಿದ ಸಸಿ ನರ್ಸರೀಲಿ ಸಿಗೋದು ಆ ದಾರೀಲೇ. ಲ್ಯಾಬ್ ಸಸಿನಾ ಅಂತ ಕೇಳಿ ತಗೊಳ್ಳಿ. ಅಂಥ ಗಿಡಗಳು ಒಂದೇ ಸಮ ಇರ್ತವೆ, ಎಲೆ ಮೇಲೆ ಪಾಚಿ, ಹಳೇ ಗಾಯ ಇರಲ್ಲ. ಕಾಡಿಂದ ಕಿತ್ತಿದ್ದಾದ್ರೆ ಬೇರು ಅರ್ಧಕ್ಕೆ ಹರಿದಿರತ್ತೆ, ತೊಗಟೆ ಚೂರು ಅಂಟಿರತ್ತೆ, ನೋಡಿದ್ರೇ ಗೊತ್ತಾಗತ್ತೆ.

ಅದೇ ಮಾವಿನ ಮರಕ್ಕೆ ಎರಡನೇ ಗಿಡ ಬೇಕು ಅನ್ನಿಸಿದ್ರೆ ವಂಡಾ ಟೆಸ್ಸೆಲೇಟಾ ಕೇಳಿ ನೋಡಿ. ಅದು ಬಯಲುಸೀಮೆ ಮರಗಳ ಮೇಲೂ ಬೆಳೆಯೋ ನಮ್ಮದೇ ಆರ್ಕಿಡ್, ಕಂದು ಚೌಕಳಿ ಗೆರೆ ಇರೋ ಎಸಳು, ನೀಲಿ ನೇರಳೆ ತುಟಿ, ಒಳ್ಳೆ ವಾಸನೆ. ಒಣ ಗಾಳೀನ ಸೀತಾಳೆ ದಂಡೆಗಿಂತ ಚೆನ್ನಾಗಿ ತಡ್ಕೊಳ್ಳತ್ತೆ, ಬಿಸಿಲೂ ಸ್ವಲ್ಪ ಜಾಸ್ತಿ ಬೇಕು, ಹಾಗಾಗಿ ಅದನ್ನ ಇದಕ್ಕಿಂತ ಎರಡಡಿ ಮೇಲೆ ಕಟ್ಟಿ. ಕಟ್ಟೋ ರೀತಿ, ನೀರು, ಗೊಬ್ಬರ ಎಲ್ಲ ಇದೇ. ಆದ್ರೆ ಮೊದಲು ಈ ಗಿಡದ ಬೇರು ತೊಗಟೆ ಹಿಡೀಲಿ, ಸೆಪ್ಟೆಂಬರ್ ಹೊತ್ತಿಗೂ ಒಂದೂ ಹೊಸ ಬೇರು ಕಾಣದೆ ಎಲೆ ಸುಕ್ಕು ಹಾಗೇ ಇದ್ರೆ ಬುಡದ ಫೋಟೋ ತೆಗೆದು ಇನ್ನೊಂದ್ಸಲ ಬರೀರಿ, ನೋಡಿ ಹೇಳ್ತೀನಿ.